ಊಟಕ್ಕೆ ಮುಂಚಿನ ಪದ

ಅಮ್ಮ ಮತ್ತೆ ನಿಂತಳು. ಚಪ್ಪಲಿಯೊಳಗೆ ಕಲ್ಲು ಹೊಕ್ಕಿತೆಂದು ಒಮ್ಮೆ ನಿಂತದ್ದಾಗಿತ್ತು, ಔಷಧಿ ಅಂಗಡಿಯವನು ಬಾಗಿಲಿಗೆ ಬಳಿಸಿದ ಹಸಿರು ಬಣ್ಣ ಕಣ್ಣಿಗೆ ಹೊಡೆಯುತ್ತದೆಂದು ಇನ್ನೊಮ್ಮೆ. ಈಗ ಯಾವ ಕಾರಣವನ್ನೂ ಕೊಡದೆ ದೀಪದ ಕಂಬಕ್ಕೆ ಕೈಯಾನಿಸಿ ರಸ್ತೆ ನೋಡತೊಡಗಿದಳು. ಮುಂದೆ ಹೋಗಿದ್ದ ಮಗ ತಿರುಗಿ ಬಂದ. ಇಸ್ತ್ರಿ ಮಾಡಿದ ಅಂಗಿ ಆಗಲೇ ಬೆನ್ನಿಗೆ ಅಂಟಿತ್ತು. ತಾಯಂದಿರು ಮಕ್ಕಳನ್ನು ಶಾಲೆಗೆ ಎಳೆದುಕೊಂಡು ಹೋಗುವ ಹೊತ್ತಿನಲ್ಲಿ, ಅದೇ ರಸ್ತೆಯಲ್ಲಿ, ತಲೆಗೂದಲು ತೆಳ್ಳಗಾದ ಮಗನೊಬ್ಬ ತಾಯಿಯನ್ನು ಶಾಲೆಗೆ ಎಳೆದುಕೊಂಡು ಹೋಗುವುದನ್ನು ಕಂಡವರು ಏನೆಂದುಕೊಂಡಾರು? ಮುದುಕಿಗೆ ಈ ವಯಸ್ಸಿನಲ್ಲಿ ಅಕ್ಷರ ತಿದ್ದುವ ಆಸೆ ಹುಟ್ಟಿತೆಂದೇ ಅಂದುಕೊಂಡಾರು. ಅವರಿಬ್ಬರ ಮುಂದೆ ಕುಣಿಯುತ್ತ ಹೋಗುತ್ತಿದ್ದವಳು ಅವನ ಮಗಳು. ಬೆಳಗೆದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದ್ದರಿಂದ ಮನೆಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಓದುವುದು ಅವನೇ ಮೇಷ್ಟ್ರಾಗಿರುವ ಮೂರನೇ ತರಗತಿಯಲ್ಲಿ. ಎದುರಿಗೆ ಸಿಕ್ಕವರಿಗೆಲ್ಲ ಅವಳು, "ಇವತ್ತು ನಮ್ಮಜ್ಜಿ ಪಾಠ ಮಾಡ್ತಾರೆ" ಎಂದು ಸಾರುತ್ತಿದ್ದಳು.

"ಇನ್ನೊಂದ್ಸಲ ಹೇಳಮ್ಮ," ಎಂದ ಅವನು, ದನಿ ತಗ್ಗಿಸಿ. "ಊಟಕ್ಕೆ ಮುಂಚೆ ನಾವೆಲ್ಲ ಏನ್ ಮಾಡ್ತಿದ್ವಿ?"

"ಕೈ ತೊಳ್ಕೋತಿದ್ವಿ."

"ಅದಲ್ಲ. ಪಾಠದಲ್ಲಿ."

"ಪಾಠದಲ್ಲಾ? ಪಾಠದಲ್ಲಿ ಡಬ್ಬಿ ತೆಗೀತಿದ್ವಿ," ಎಂದಳು ಅಮ್ಮ. ಕಂಬ ಬಿಟ್ಟು ಮತ್ತೆ ಹೆಜ್ಜೆ ಹಾಕಿದಳು.

ಪಾಠದಲ್ಲಿ ಡಬ್ಬಿ ತೆಗೆಯುತ್ತಿದ್ದರು. ಪಾಠದಲ್ಲಿ ಏನೆಲ್ಲ ಮಾಡುತ್ತಿದ್ದರು! ರಾತ್ರಿಯ ಊಟಕ್ಕೆ ಎಲ್ಲರೂ ಸುತ್ತ ಕೂತಾಗ ಮನೆಯ ಹಿರಿಯ ಹೆಂಗಸು ಒಂದು ಹಳೆಯ ತಗಡಿನ ಡಬ್ಬಿ ತೆರೆಯುವಳು. ಅದರೊಳಗಿಂದ ಕಾಣದ್ದೇನನ್ನೋ ಚಿವುಟಿ ತೆಗೆದಂತೆ ಮಾಡಿ, ಪ್ರತಿ ಮಗುವಿನ ಎಡಗೈಯಲ್ಲಿಟ್ಟು, ಕಿವಿಯಲ್ಲಿ ಒಂದು ಪದ ಹೇಳುವಳು. ಮಗು ಮುಷ್ಟಿ ಬಿಗಿಹಿಡಿದು ಬಲಗೈಯಲ್ಲಿ ಉಣ್ಣುವುದು. ಆ ಪದವನ್ನು ಮರುದಿನದ ಊಟದ ಹೊತ್ತಿನೊಳಗೆ ಎಲ್ಲಾದರೂ ಬಳಸಿ ಬರಬೇಕು. ಹಿರಿಯರಿಂದ ಹಿರಿಯರಿಗೆ ಹೀಗೆಯೇ ನಡೆದು ಬಂದದ್ದು. ಇದಿಷ್ಟನ್ನು ಅವನು ಒಂದು ಭಾನುವಾರದ ಮಧ್ಯಾಹ್ನ, ಹೆಂಡತಿ ಬಟ್ಟೆ ಒಣಹಾಕಿ ಬರುವಷ್ಟರೊಳಗೆ, ಸೃಷ್ಟಿಸಿದ್ದ. ಪಠ್ಯಪುಸ್ತಕ ಸಮಿತಿಯವರು ಸಂಪ್ರದಾಯಗಳ ಕತೆಗಳ ಮೂಲಕ ಮಕ್ಕಳಿಗೆ ಓದು ಕಲಿಸಬೇಕು, ಪದಸಂಪತ್ತು ಬೆಳೆಸಬೇಕು ಎಂದು ಸುತ್ತೋಲೆ ಕಳಿಸಿದ್ದರು. ವಾಕ್ಯಗಳು ಚಿಕ್ಕವಿರಬೇಕು, ಹತ್ತು ಹೊಸ ಪದಗಳು ದಪ್ಪ ಅಕ್ಷರದಲ್ಲಿರಬೇಕು, ಮತ್ತು, ಇದೇ ಕುತ್ತಿಗೆಗೆ ಬಂದದ್ದು, ಸಂಪ್ರದಾಯ ಬರೆದವರ ಸ್ವಂತ ಮನೆಯದೇ ಆಗಿರಬೇಕು. ಚಿತ್ರಕಲೆಯ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಅಂಗೈ ಗುರುತನ್ನು ಗೋಡೆಯ ಮೇಲೆ ಒತ್ತುತ್ತಿದ್ದರಂತೆ. ಡ್ರಿಲ್ ಮೇಷ್ಟ್ರ ಮನೆಯಲ್ಲಿ, ಆ ಬೆಪ್ಪನ ಮನೆಯಲ್ಲೂ ಸಹ, ದಾರಿಹೋಕರಿಗೆಂದು ಬಾಗಿಲ ಬಳಿ ಸದಾ ಒಂದು ತಂಬಿಗೆ ನೀರಿಡುತ್ತಿದ್ದರಂತೆ. ಲೋಕಕ್ಕೆಲ್ಲ ಸಂಪ್ರದಾಯವಿತ್ತು. ಅವನು ಪೆನ್ನಿನ ತುದಿ ಕಚ್ಚುತ್ತ ತನ್ನ ಬಾಲ್ಯದ ಮೂಲೆ ಮೂಲೆ ತಡಕಾಡಿದ್ದ. ಮೂರು ಸಾಲಿಗೂ ಸಾಲುವಷ್ಟು ಸಿಗಲಿಲ್ಲ. ಕೊನೆಗೆ ಬರೆದುಕೊಟ್ಟದ್ದನ್ನು ಸಮಿತಿ ತಲೆಯ ಮೇಲಿಟ್ಟು ಮೆರೆಸಿತು. ಈಗ ನಾಡಿನ ಮೂರನೇ ತರಗತಿಯ ಎಲ್ಲ ಪುಸ್ತಕಗಳಲ್ಲೂ 'ಅಜ್ಜಿಯ ಪದದ ಡಬ್ಬಿ' ಎಂಬ ಪಾಠವಿದೆ, ಅದರ ಕೆಳಗೆ 'ಲೇಖಕರ ಮನೆಯ ನಿಜ ಸಂಪ್ರದಾಯ' ಎಂಬ ಒಕ್ಕಣೆಯೂ ಇದೆ. ಅವನ ಶಾಲೆಯ ಮಕ್ಕಳು ಮಧ್ಯಾಹ್ನದ ಬುತ್ತಿಯನ್ನು ಎಡಮುಷ್ಟಿ ಬಿಗಿಹಿಡಿದೇ ತಿನ್ನುತ್ತಾರೆ. ನೀರಿನ ಬಾಟಲಿಯ ಮುಚ್ಚಳ ತೆರೆಯಲಾಗದೆ ಚೆಲ್ಲಿಕೊಳ್ಳುತ್ತಾರೆ. ಕಸ ಗುಡಿಸುವ ಹೆಂಗಸು ಅವನನ್ನು ಕಂಡಾಗಲೆಲ್ಲ, "ಒಳ್ಳೇ ಪಾಠ ಬರೆದ್ರಿ ಮೇಷ್ಟ್ರೇ" ಎನ್ನುತ್ತಾಳೆ.

ಇಷ್ಟರಲ್ಲೇ ನಿಂತಿದ್ದರೆ ಆಗುತ್ತಿತ್ತು. ಆದರೆ ಸಮಿತಿಯ ಅಧ್ಯಕ್ಷರೇ ಅವನ ಮಾದರಿ ಪಾಠ ನೋಡಲು ಬರುತ್ತೇನೆಂದರು. ಮೆಚ್ಚಿದರೆ ಮುಂದಿನ ಪುಸ್ತಕಕ್ಕೆ ಅವನೇ ಮುಖ್ಯ ಲೇಖಕ. ಎಂದರೆ ಸಮಿತಿಯ ಕಚೇರಿಯಲ್ಲಿ ಒಂದು ಮೇಜು, ಫ್ಯಾನಿನ ಕೆಳಗಿನ ಕುರ್ಚಿ, ಸೀಮೆಸುಣ್ಣದ ಪುಡಿಯಿಂದ, ಮೂಗು ಸೋರುವ ಮಕ್ಕಳಿಂದ ಬಿಡುಗಡೆ. ಆ ಕುರ್ಚಿಯನ್ನು ಅವನು ಎಷ್ಟು ಸಲ ಕಲ್ಪಿಸಿಕೊಂಡಿದ್ದನೆಂದರೆ ಅದರ ಒಂದು ಕಾಲು ಸ್ವಲ್ಪ ಅಲುಗುವುದು ಕೂಡ ಅವನಿಗೆ ಗೊತ್ತಿತ್ತು. ಪಾಠಕ್ಕೆ ಅಜ್ಜಿಯದೊಂದು ಫೋಟೋ ತೋರಿಸಿದರೆ ಸಾಕೆಂದು ಅವನು ಹೇಳಿದಾಗ ಹೆಡ್‌ಮೇಡಂ ಕನ್ನಡಕ ಮೇಲೆತ್ತಿ, "ಏನ್ ಮೇಷ್ಟ್ರೇ, ಅಜ್ಜೀನೇ ಮನೇಲಿರುವಾಗ ಫೋಟೋ ಯಾಕೆ? ಕರ್ಕೊಂಡೇ ಬನ್ನಿ" ಎಂದಿದ್ದರು. ಅಮ್ಮನಿಗೆ ಮಂಡಿನೋವು ಎಂದ. ರಿಕ್ಷಾ ಕಳಿಸ್ತೀನಿ ಎಂದರು. ಅಮ್ಮನಿಗೆ ಮರೆವು ಎಂದ. ಹಾಗಾದರೆ ಇನ್ನೂ ಚೆನ್ನ, ಮಕ್ಕಳೇ ನೆನಪು ಮಾಡಿಕೊಡುತ್ತಾರೆ ಎಂದರು. ಇನ್ನು ಉಳಿದದ್ದು ಅಮ್ಮ ಸತ್ತಿದ್ದಾಳೆ ಎನ್ನುವುದೊಂದೇ. ಅದನ್ನೂ ಅವನು ಕ್ಷಣಕಾಲ ಯೋಚಿಸಿದ. ಯೋಚಿಸಿದ್ದಕ್ಕೆ ನಾಚಿಕೊಂಡ.

ಅವನ ಮನೆಯಲ್ಲಿದ್ದದ್ದು ಮೌನ. ಅಪ್ಪನಿಗೆ ಊಟದ ಹೊತ್ತಿನಲ್ಲಿ ಮಾತು ಸೇರುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಯಾರಾದರೂ ಬಾಯಿ ತೆರೆದರೆ ತಟ್ಟೆಯಿಂದ ಕೈಯೆತ್ತಿ, ಆ ಮಾತು ಮುಗಿದು ತಣ್ಣಗಾಗುವವರೆಗೆ ಗೋಡೆ ನೋಡುತ್ತ ಕಾಯುವನು. ಅದಕ್ಕಿಂತ ಎರಡು ಏಟು ಬಿದ್ದಿದ್ದರೆ ಚೆನ್ನಾಗಿತ್ತು. ಅಮ್ಮ ಬಡಿಸುತ್ತಿದ್ದಳು, ಏನಾದರೂ ಹೇಳಲೇಬೇಕಾಗಿ ಬಂದರೆ ಮೊದಲು ಅಪ್ಪನ ಮುಖ ನೋಡುವಳು, ಹುಬ್ಬಿನ ಅಪ್ಪಣೆ ಸಿಗದಿದ್ದರೆ ನುಂಗಿಕೊಳ್ಳುವಳು. ಒಂದು ದಿನ ಅಡುಗೆಗೆ ಉಪ್ಪೇ ಬಿದ್ದಿರಲಿಲ್ಲ. ಮೊದಲ ತುತ್ತಿಗೇ ತಿಳಿಯಿತು ಅವನಿಗೆ. ಅಪ್ಪನಿಗೂ ತಿಳಿದಿರಬೇಕು. ಇಬ್ಬರೂ ಒಂದು ಮಾತೂ ಆಡದೆ ಕೊನೆಯ ಅಗುಳಿನವರೆಗೂ ತಿಂದರು, ಕೈತೊಳೆದರು, ಎದ್ದುಹೋದರು. ನೀರು ಕುಡಿಯಲೆಂದು ಅವನು ಮರಳಿ ಬಂದಾಗ ಅಮ್ಮ ಒಬ್ಬಳೇ ಒಲೆಯ ಪಕ್ಕ ಕೂತು ಊಟಕ್ಕೆ ತೊಡಗಿದ್ದಳು. ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿ ಎರಡು ಖಾಲಿ ತಟ್ಟೆಗಳನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ಅವನನ್ನು ನೋಡಿದಳು. ಅವನು ನೀರು ಕುಡಿಯದೆಯೇ ಹೊರಟುಹೋಗಿದ್ದ. ಇದನ್ನು ಪಾಠ ಮಾಡಿದರೆ ಹೊಸ ಪದಗಳು ಎಷ್ಟು ಸಿಕ್ಕಾವು? ದಪ್ಪ ಅಕ್ಷರದಲ್ಲಿ ಉಪ್ಪು, ತಟ್ಟೆ, ಗೋಡೆ. ಅವೆಲ್ಲ ಒಂದನೇ ತರಗತಿಯಲ್ಲೇ ಮುಗಿದುಹೋದ ಪದಗಳು.

ನಿನ್ನೆ ಸಂಜೆ ಅವನು ಅಮ್ಮನನ್ನು ಊಟದ ಮೇಜಿನ ಮುಂದೆ ಕೂರಿಸಿ ಅವಳ ಸಂಪ್ರದಾಯವನ್ನು ಅವಳಿಗೆ ಕಲಿಸಿದ. ತಲೆತಲಾಂತರದ ಡಬ್ಬಿಯನ್ನು ಹೋದ ವಾರ ಬೇಕರಿಯಿಂದ ತಂದದ್ದಾಗಿತ್ತು. ಅದರ ಮೇಲಿದ್ದ ನಗುವ ಮಗುವಿನ ಚಿತ್ರವನ್ನು ಕಲ್ಲಿಗೆ ಉಜ್ಜಿ ಉಜ್ಜಿ ಅಳಿಸಿ, ಅಂಚುಗಳಿಗೆ ಮಸಿ ಸವರಿ, ಕಲ್ಲಿನ ಮೇಲೆ ಎರಡು ಸಲ ಬೀಳಿಸಿ ಅದಕ್ಕೆ ಮುಪ್ಪು ತರಿಸಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮನ ಕೈಗೂ ಸ್ವಲ್ಪ ಮಸಿ ಹಚ್ಚಿ, ಚೆನ್ನಾಗಿ ಒಪ್ಪುತ್ತೆ" ಎಂದು ಒಳಗೆ ಹೋದಳು. ಅಮ್ಮ ಡಬ್ಬಿಯನ್ನು ತಿರುಗಿಸಿ ಮೂಸಿದಳು.

"ಬಿಸ್ಕತ್ತಿನ ವಾಸನೆ ಬರ್ತಿದೆಯಲ್ಲೋ."

"ಬರ್ಲಿ ಬಿಡು. ಮಕ್ಕಳು ಮೊದಲನೇ ಪದ ಯಾವುದು ಕೊಟ್ರಿ ಅಂತ ಕೇಳಿದ್ರೆ ಏನಂತೀಯ?"

"ಏನನ್ನಲಿ?"

"ಅಕ್ಕರೆ. ಅಕ್ಕರೆ ಅನ್ನು."

"ನಾನ್ಯಾವತ್ತು ಅಂದೆ ಹಾಗಂತ?"

"ಅಂದಿದ್ದೀಯ ಅಂತ ಇಟ್ಕೋ."

"ನಿಮ್ಮಪ್ಪ ಇದ್ದಿದ್ರೆ ಡಬ್ಬಿ ಸಮೇತ ನನ್ನನ್ನ—"

"ಅಮ್ಮಾ, ನೀನು ಸುಮ್ಮನಿರು. ನಾನು ಹೇಳಿದಷ್ಟು ಹೇಳು ಸಾಕು."

ಅವಳು ಸುಮ್ಮನಾದಳು. ಅವನು ಹೇಳಿಕೊಟ್ಟದ್ದನ್ನು ಅವಳು ತಪ್ಪು ತಪ್ಪಾಗಿ ಒಪ್ಪಿಸಿದಾಗ ಅವನು ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿದ. ಶಾಲೆಯಲ್ಲಿ ತಡವರಿಸುವ ಮಕ್ಕಳಿಗೆ ಡಸ್ಟರಿನಿಂದ ಕುಟ್ಟುವುದೂ ಹೀಗೆಯೇ ಎಂಬುದು ಹೊಳೆದು ಕೈ ಹಿಂದಕ್ಕೆಳೆದುಕೊಂಡ. ಊಟಕ್ಕೆ ಕೂತಾಗ ರೇಡಿಯೋ, "ಅಪ್ಪಾ, ಪಾಠದಲ್ಲಿ ಅಜ್ಜಿ ಎಲ್ರಿಗೂ ಪದ ಕೊಡ್ತಾರೆ, ಮನೇಲಿ ನಂಗ್ಯಾಕೆ ಕೊಡಲ್ಲ?" ಎಂದು ಕೇಳಿದಳು. ಮುಖ್ಯ ಲೇಖಕನಾಗುವವನ ಬಳಿ ಇದಕ್ಕೆ ಉತ್ತರ ಇರಲೇಬೇಕಿತ್ತು. "ಸುಮ್ಮನಿರು, ಊಟ ಮಾಡು" ಎಂದ.

ತರಗತಿಗೆ ಇಂದು ಕಾಗದದ ಹೂಗಳು ಅಂಟಿದ್ದವು. ಅಧ್ಯಕ್ಷರು ಬಂದವರೇ ದೊಡ್ಡ ಕುರ್ಚಿ ಬೇಡವೆಂದು, ಮಕ್ಕಳ ಬೆಂಚಿನ ತುದಿಯಲ್ಲೇ ಕೂರುತ್ತೇನೆಂದು ಸರಳತೆ ಮೆರೆದರು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿಕೊಂಡು ಕೂತ ಆ ದೊಡ್ಡ ದೇಹದ ಪಕ್ಕ ಹೆಡ್‌ಮೇಡಂ ಕೂರಲೂ ಆಗದೆ ನಿಲ್ಲಲೂ ಆಗದೆ ಬಗ್ಗಿ ನಿಂತರು. ಕರಿಹಲಗೆಯ ಪಕ್ಕದ ಕುರ್ಚಿಯಲ್ಲಿ ಅಮ್ಮ, ಅವಳ ತೊಡೆಯ ಮೇಲೆ ಡಬ್ಬಿ. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿಯೊಬ್ಬಳು ಓದಲು ಎದ್ದಳು. ಅವಳನ್ನು ಓದಿಸಬಾರದೆಂದು ಅವನು ಲೆಕ್ಕ ಹಾಕಿದ್ದ. ಅಧ್ಯಕ್ಷರೇ ಬೆರಳು ತೋರಿಸಿ ಎಬ್ಬಿಸಿದರು. ಅವಳು ಅಕ್ಷರದ ಕೆಳಗೆ ಬೆರಳೆಳೆಯುತ್ತ, ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ ಓದತೊಡಗಿದಳು. ಪ್ರತಿ ದಪ್ಪ ಅಕ್ಷರದ ಮುಂದೆ ನಿಂತು ಅವನ ಮುಖ ನೋಡುವಳು. ಇತರ ದಿನಗಳಲ್ಲಾದರೆ ಅವನು ಆ ಹೊತ್ತಿಗೆ ಪುಸ್ತಕ ಕಸಿದು ಪಕ್ಕದವಳಿಗೆ ಕೊಟ್ಟಿರುತ್ತಿದ್ದ. ಇಂದು ಮುಗುಳ್ನಕ್ಕ. ಆ ನಗೆ ಕಂಡು ಹುಡುಗಿ ಹೆದರಿ ಇನ್ನಷ್ಟು ತಡವರಿಸಿದಳು. 'ಹಾಗೆ ನಮ್ಮ ಮನೆಯಲ್ಲಿ ಮಾತು ಎಂದೂ ಬತ್ತಲಿಲ್ಲ' ಎಂಬ ಕೊನೆಯ ವಾಕ್ಯ ಅವಳ ಬಾಯಿಂದ ಚೂರುಚೂರಾಗಿ ಬಿತ್ತು. ಬರೆದ ದಿನ ಇದೇ ವಾಕ್ಯವನ್ನು ಹೆಂಡತಿಗೆ ಎರಡು ಸಲ ಓದಿ ತೋರಿಸಿದ್ದ.

ಈಗ ಡಬ್ಬಿಯ ಸರದಿ. ಅಮ್ಮ ಮುಚ್ಚಳ ತೆರೆದಳು. ಮಕ್ಕಳ ಕತ್ತುಗಳೆಲ್ಲ ಒಟ್ಟಿಗೆ ಉದ್ದವಾದವು. ಖಾಲಿ ಡಬ್ಬಿಯೊಳಗೆ ಅವಳು ಎಷ್ಟು ಹೊತ್ತು ನೋಡಿದಳೆಂದರೆ ಅವನಿಗೂ ಅದರಲ್ಲಿ ಏನೋ ಇದೆಯೆನ್ನಿಸಿತು.

"ಅಜ್ಜೀ," ಎಂದಳು ಹಲ್ಲಿಲ್ಲದ ಹುಡುಗಿ, ಹೇಳಿಕೊಟ್ಟಂತೆಯೇ. "ನಮ್ಮ ಮೇಷ್ಟ್ರಿಗೆ ನೀವು ಕೊಟ್ಟ ಮೊದಲನೇ ಪದ ಯಾವುದು?"

ಅಮ್ಮ ಅವನ ಕಡೆ ನೋಡಿದಳು. ಅವನು ಅಧ್ಯಕ್ಷರಿಗೆ ಬೆನ್ನು ಮಾಡಿ ನಿಂತು, ದನಿಯಿಲ್ಲದೆ ತುಟಿಯಲ್ಲೇ ಅ-ಕ್ಕ-ರೆ ಎಂದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಮರೆತುಬಿಟ್ಟಳೇ? ಇನ್ನೊಮ್ಮೆ ತುಟಿ ಅಗಲಿಸಿದ. ಕಲ್ಪನೆಯ ಕುರ್ಚಿಯ ಅಲುಗುವ ಕಾಲು ಮುರಿಯುವ ಸದ್ದು ಕೇಳಿಸಿತು.

"ಸುಮ್ಮನಿರು," ಎಂದಳು ಅಮ್ಮ.

ತಮಗೇ ಗದರಿದಳೆಂದು ಮಕ್ಕಳು ಕೈಕಟ್ಟಿ ನೆಟ್ಟಗೆ ಕೂತರು.

"ನಿಮಗಲ್ಲ ಕಣ್ರೋ. ಇವನಿಗೆ ಕೊಟ್ಟ ಪದ ಅದು. ಚಿಕ್ಕವನಿದ್ದಾಗ ಇವನಿಗೆ ಬಾಯಿ ಜಾಸ್ತಿ, ಈ ನಮ್ಮ ರೇಡಿಯೋ ಥರಾನೇ. ಇವರಪ್ಪನಿಗೆ ಊಟದ ಹೊತ್ತಲ್ಲಿ ಮಾತು ಆಗ್ತಿರ್ಲಿಲ್ಲ. ಅದಕ್ಕೇ ದಿನಾ ಊಟಕ್ಕೆ ಮುಂಚೆ ಕಿವೀಲಿ ಹೇಳಿ ಕೂರಿಸ್ತಿದ್ದೆ, ಸುಮ್ಮನಿರು, ಸುಮ್ಮನಿರು ಅಂತ." ಅವಳು ಡಬ್ಬಿಯಿಂದ ಕಾಣದ್ದನ್ನು ಚಿವುಟಿ ತೆಗೆದು, ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿಯೇ, ಗಾಳಿಯಲ್ಲಿ ಹಿಡಿದು ತೋರಿಸಿದಳು. "ಜೋಪಾನವಾಗಿ ಇಟ್ಕೊಂಡಿದ್ದಾನೆ ಪಾಪ. ಇವತ್ತಿನವರೆಗೂ ಕಳ್ಕೊಂಡಿಲ್ಲ."

ಮುಗಿಯಿತು ಎಂದುಕೊಂಡ ಅವನು. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಅವರು ಯಾರನ್ನಾದರೂ ಕೈಬಿಡುವ ಮುನ್ನ ಮಾಡುವ ಕೆಲಸ. ಆದರೆ ಬೆಂಚಿನ ತುದಿಯಿಂದ ಚಪ್ಪಾಳೆ ಕೇಳಿತು. "ಭೇಷ್!" ಎಂದರು ಅಧ್ಯಕ್ಷರು. "ಎಂಥ ಸಹಜವಾದ ಪದ! ಪುಸ್ತಕದ ಪದ ಅಲ್ಲ, ಬದುಕಿನ ಪದ. ಮಕ್ಕಳೇ, ಅಜ್ಜಿ ಕೊಟ್ಟ ಪದ ಬಳಸಿ ಎಲ್ಲರೂ ಒಂದೊಂದು ಸ್ವಂತ ವಾಕ್ಯ ಬರೆಯಿರಿ ನೋಡೋಣ."

ಹೋದ ವಾರ ಅವನು ಅಕ್ಕರೆ ಎಂಬ ಪದ ಕೊಟ್ಟಾಗ ಪೆನ್ಸಿಲ್ ಕಡಿಯುತ್ತ ಸೂರು ನೋಡಿದ್ದ ಮಕ್ಕಳು ಈಗ ಒಬ್ಬರೂ ತಲೆಯೆತ್ತಲಿಲ್ಲ. ಇಡೀ ತರಗತಿ ಗೀಚುವ ಸದ್ದಿನಿಂದ ತುಂಬಿತು. ಯಾರಿಗೂ ಅರ್ಥ ವಿವರಿಸಬೇಕಾಗಲಿಲ್ಲ, ವಿರುದ್ಧ ಪದ ಕೊಡಬೇಕಾಗಲಿಲ್ಲ. ಇಷ್ಟು ವರ್ಷ ಅವನು ಕಲಿಸಿದ ಪದಗಳಲ್ಲಿ ಇದೊಂದೇ ಎಲ್ಲರಿಗೂ ಇಷ್ಟು ಚೆನ್ನಾಗಿ ನಾಟಿತ್ತು. ಒಬ್ಬನೆದ್ದು ಓದಿದ: "ಅಪ್ಪ ಅಮ್ಮನಿಗೆ ಸುಮ್ಮನಿರು ಎಂದರು. ಅಮ್ಮ ಸುಮ್ಮನಾದರು." ಇನ್ನೊಬ್ಬ: "ನಾನು ನಮ್ಮ ನಾಯಿಗೆ ಸುಮ್ಮನಿರು ಎಂದೆ. ಅದು ಕೇಳಲಿಲ್ಲ." ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. ಹಲ್ಲಿಲ್ಲದ ಹುಡುಗಿ ಎದ್ದು, ಬೆರಳೆಳೆಯದೆ, ಎಲ್ಲಿಯೂ ತಡವರಿಸದೆ, "ನಾನು ಓದುವಾಗ ಮೇಷ್ಟ್ರು ಸುಮ್ಮನಿರು ಎಂದರು" ಎಂದು ಒಂದೇ ಉಸಿರಿಗೆ ಓದಿ ಕೂತಳು. ಅವಳು ಹೀಗೆ ಓದಬಲ್ಲಳೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಕೊನೆಗೆ ರೇಡಿಯೋ. ಕೈಯೆತ್ತಿ ಎತ್ತಿ ತೋಳು ಸೋತು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಿದ್ದಳು. "ನಿನ್ನೆ ನಮ್ಮ ಅಪ್ಪ ಅಜ್ಜಿಗೆ ಸುಮ್ಮನಿರು ಎಂದರು," ಎಂದು ಓದಿದಳು. ಓದಿ, ತಪ್ಪಿದೆಯೇ ಎಂದು ಅಪ್ಪನ ಮುಖ ನೋಡಿದಳು.

ತಪ್ಪೇನೂ ಇರಲಿಲ್ಲ. ಅವನು ಪ್ರತಿ ಬೆಂಚಿನ ಬಳಿ ಹೋಗಿ, ಪ್ರತಿ ಹಾಳೆಯ ಮೇಲೆ ಬಗ್ಗಿ, ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದ. ಮಗಳ ಹಾಳೆಗೂ ಹಾಕಿದ. ಆ ಒಂದು ಗುರುತು ಸೊಟ್ಟಗಾಯಿತು. ಅಧ್ಯಕ್ಷರು ಬೆಂಚಿನಿಂದ ಕಷ್ಟಪಟ್ಟು ಬಿಡಿಸಿಕೊಂಡೆದ್ದು ಅವನ ಕೈ ಕುಲುಕಿದರು. "ಇಷ್ಟು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ ಮೇಷ್ಟ್ರೇ. ಮಕ್ಕಳು ಪದಾನ ಮನೆಯಿಂದಲೇ ತಂದುಬಿಟ್ಟರು! ಮುಂದಿನ ಪುಸ್ತಕ ನಿಮ್ಮದೇ ಅಂತ ಇಟ್ಕೊಳ್ಳಿ." ಹೆಡ್‌ಮೇಡಂ ಕನ್ನಡಕವನ್ನು ಮರಳಿ ಮೂಗಿಗೇರಿಸಿ ಅವನನ್ನು ಮತ್ತೆ ತಮ್ಮವನನ್ನಾಗಿ ಮಾಡಿಕೊಂಡರು. ಅವನು ಹಲ್ಲು ಕಿರಿದ. ಬೇಕಾದದ್ದೆಲ್ಲ ಸಿಕ್ಕಿತ್ತು. ಊರೆಲ್ಲ ಸೇರಿ ಬೆತ್ತಲೆ ಮಾಡಿ ಶಾಲು ಹೊದಿಸಿದಂತಿತ್ತು.

ಮರಳುವಾಗ ಅಮ್ಮ ಎಲ್ಲಿಯೂ ನಿಲ್ಲಲಿಲ್ಲ. ದೀಪದ ಕಂಬ ಬಂತು, ಹೋಯಿತು. ಹಿಂದಿನಿಂದ ಅವಳ ಸಣ್ಣ ಬೆನ್ನು ನೋಡುತ್ತ ಅವನು ಲೆಕ್ಕ ಹಾಕಿದ: ಮರೆತು ಹೇಳಿದಳೇ, ಬೇಕೆಂದೇ ಹೇಳಿದಳೇ? ಮರೆತದ್ದಾದರೆ ಅವಳನ್ನು ಕ್ಷಮಿಸಬಹುದು. ಬೇಕೆಂದೇ ಆದರೆ ಅವಳೇ ಅವನನ್ನು ಕ್ಷಮಿಸಬೇಕಾಗುತ್ತದೆ. ಕೇಳಿಯೇಬಿಡೋಣ ಎಂದುಕೊಳ್ಳುವಷ್ಟರಲ್ಲಿ ಮನೆಯ ಬಾಗಿಲು ಬಂತು.

"ತಪ್ಪು ಹೇಳಿದ್ನೇನೋ?" ಎಂದು ಅವಳೇ ಕೇಳಿದಳು, ಚಪ್ಪಲಿ ಬಿಡುತ್ತ.

"ಇಲ್ಲಮ್ಮ."

"ಆ ಇನ್ನೊಂದು ಪದ ಬಾಯಿಗೆ ಬರ್ಲಿಲ್ಲ ಕಣೋ. ಹೇಳಿ ಅಭ್ಯಾಸ ಇಲ್ಲ ನೋಡು."

ರಾತ್ರಿ ಹೆಂಡತಿ ಎಂದಿಗಿಂತ ಒಂದು ಬಗೆ ಹೆಚ್ಚಾಗಿಯೇ ಅಡುಗೆ ಮಾಡಿದ್ದಳು. ಮುಖ್ಯ ಲೇಖಕರ ಮನೆಯಲ್ಲವೇ, ಎಂದಳು. ಬಡಿಸಿ ಮುಗಿಸಿ ಆಮೇಲೆ ಕೂರುವುದು ಅವಳ ರೂಢಿ. ಯಾರು ಮಾಡಿದ ರೂಢಿಯೋ, ಅದು ಯಾವ ಪಾಠದಲ್ಲೂ ಇರಲಿಲ್ಲ. ಅವನು ಮೊದಲ ತುತ್ತು ನುಂಗಿದ, ಎರಡನೆಯದನ್ನು ಕಲಸಿದ. ಅಮ್ಮನೂ ಒಂದು ತುತ್ತು ತಿಂದಿದ್ದಳು. ರೇಡಿಯೋ ಊಟಕ್ಕೆ ಕೈ ಹಾಕದೆ ಎಡಗೈ ಚಾಚಿ ಅಜ್ಜಿಯ ಮುಂದೆ ಹಿಡಿದಿದ್ದಳು.

"ಅಜ್ಜೀ, ಪದ ಕೊಡಿ. ಇವತ್ತು ಕೊಡಲೇಬೇಕು."

ಅವನ ನಾಲಗೆಯ ತುದಿಗೆ ಆ ಪದ ತಾನಾಗಿಯೇ ಬಂದು ನಿಂತಿತು. ಹಲ್ಲು ಕಚ್ಚಿ ತಡೆದ. ತಿರುಗಿದಾಗ ಅಮ್ಮ ಅವನ ಮುಖ ನೋಡುತ್ತಿದ್ದಳು. ಅವನ ಹುಬ್ಬು ನೋಡುತ್ತಿದ್ದಳು. ತುತ್ತು ಹಿಡಿದ ಅವನ ಕೈ ತಟ್ಟೆಯಿಂದ ಮೇಲೆದ್ದು ನಿಂತಿತ್ತು, ಅವನ ಕಣ್ಣು ಆವರೆಗೂ ಎದುರಿನ ಗೋಡೆಯ ಮೇಲಿತ್ತು. ಅವು ಯಾವಾಗ ಹಾಗೆ ಹೋಗಿ ನಿಂತವೋ ಅವನಿಗೆ ತಿಳಿಯದು. ಕೈಯನ್ನು ತಟ್ಟೆಗಿಳಿಸಿದ.

"ಹೇಳಮ್ಮ," ಎಂದ. "ಏನಾದ್ರೂ ಹೇಳು."

ಅಮ್ಮ ಮೊಮ್ಮಗಳ ಅಂಗೈ ನೋಡಿದಳು. ಅಡುಗೆಮನೆಯಿಂದ ಸೊಸೆ ತನ್ನ ತಟ್ಟೆ ಹಿಡಿದು ಬಂದು, ಕುರ್ಚಿ ಎಳೆದು, ಕೂರುತ್ತಿದ್ದಳು. ಅವಳು ಮೊದಲ ತುತ್ತು ಬಾಯಿಗಿಡುವ ಮುನ್ನವೇ ಅಮ್ಮ ಬೇಗ ಬೇಗ, ಯಾರೋ ತಡೆಯಲು ಬರುತ್ತಿದ್ದಾರೆ ಎಂಬಂತೆ ಹೇಳಿದಳು:

"ಉಪ್ಪು ಹಾಕಿಲ್ಲ ಕಣಮ್ಮ."

"ಅದಾ ಪದ?" ಎಂದಳು ರೇಡಿಯೋ, ಮೋಸಹೋದವಳಂತೆ. ಆದರೂ ಮುಷ್ಟಿ ಮುಚ್ಚಿಕೊಂಡಳು.

ಹೆಂಡತಿ ಚೂರು ಬಾಯಿಗಿಟ್ಟು ಮುಖ ಕಿವುಚಿದಳು. "ಅಯ್ಯೋ, ಹೌದಲ್ಲ!" ಎಂದು ನಗುತ್ತ ಎದ್ದು ಉಪ್ಪಿನ ಡಬ್ಬಿ ತರಲು ಹೋದವಳು ಬಾಗಿಲ ಬಳಿ ತಿರುಗಿ ಅವನನ್ನು ಕೇಳಿದಳು. "ನೀವು ಆಗಿನಿಂದ ತಿಂತಾನೇ ಇದ್ದೀರಲ್ಲ, ನಿಮಗೆ ಗೊತ್ತಾಗ್ಲಿಲ್ವಾ?"

ಅವನಿಗೆ ಮೊದಲ ತುತ್ತಿನಲ್ಲೇ ಗೊತ್ತಾಗಿತ್ತು.